ಮೀನು ತಿನ್ನದವನ ಗಾಳ

ದುಡಿದು ದಣಿದವರ ಬಗ್ಗೆ ಲೋಕಕ್ಕೆ ಮರುಕವಿದೆ, ಕೂತು ದಣಿದವರ ಬಗ್ಗೆ ಇಲ್ಲ. ಮೂವತ್ತು ವರ್ಷಗಳಿಂದ ಪುಣೆಯ ಖಡಕಿಯ ಒಂದು ಕಚೇರಿಯಲ್ಲಿ ಕುರ್ಚಿಗೆ ಅಂಟಿಕೊಂಡು ಗುಮಾಸ್ತಿಕೆ ಮಾಡುತ್ತಿರುವ ನಾನು ಸಂಜೆ ಕೋಥರೂಡಿನ ಮನೆಗೆ ಬಂದು, "ಭಾಳ ದಣಿವಾಗೇದ" ಎಂದರೆ ನನ್ನ ಹೆಂಡತಿ ಸುಮಿತ್ರಾ, "ಯಾಕ, ಕಲ್ಲು ಹೊತ್ತು ಬಂದೀರೇನು?" ಎಂದು ಕೇಳುತ್ತಾಳೆ. ಕಲ್ಲು ಹೊತ್ತವನು ಸಂಜೆಗೆ ಅದನ್ನು ಇಳಿಸಿ ಬರುತ್ತಾನೆ. ನಾನು ಇಳಿಸುವುದೇನನ್ನು? ಹೀಗಾಗಿ ಭಾನುವಾರ ಒಂಬತ್ತರವರೆಗೆ ಮಲಗುವುದೊಂದೇ ನನ್ನ ಬದುಕಿನ ಐಷಾರಾಮ. ಕಳೆದ ಚಳಿಗಾಲ ಅದನ್ನೂ ಶೆಟ್ಟರು ಕಿತ್ತುಕೊಂಡರು.

ಶೆಟ್ಟರೆಂದರೆ ನಮ್ಮ ಹೌಸಿಂಗ್ ಸೊಸೈಟಿಯ ಎದುರಿನ ಹೋಟೆಲಿನ ಮಾಲೀಕರು, ಕುಂದಾಪುರದ ಕಡೆಯವರು. ಹೋಟೆಲು ಶುದ್ಧ ಸಸ್ಯಾಹಾರಿ, ಶೆಟ್ಟರು ಅಲ್ಲ. ಪುಣೆಗೆ ಬಂದು ನಲವತ್ತು ವರ್ಷವಾದರೂ ಗಾಳ ಹಾಕುವ ಹುಚ್ಚು ಅವರನ್ನು ಬಿಟ್ಟಿಲ್ಲ. ಪ್ರತಿ ಚಳಿಗಾಲದಲ್ಲಿ ಊರ ಹೊರಗಿನ ಕೆರೆಯೊಂದರಲ್ಲಿ ಮೀನು ಹಿಡಿಯುವ ಪಂದ್ಯ ನಡೆಯುತ್ತದೆ. ತಂಡಕ್ಕೆ ಮೂವರು. ಶೆಟ್ಟರು, ನಿವೃತ್ತ ಸುಬೇದಾರ ಕದಂ ಮತ್ತು ಶೆಟ್ಟರ ತಂಗಿಯ ಗಂಡ ಸುಧಾಕರ, ಈ ಮೂವರೂ ಕೂಡಿ ನಾಲ್ಕು ವರ್ಷ ಸತತವಾಗಿ ಕೊನೆಯ ಸ್ಥಾನವನ್ನು ಕಾಯ್ದುಕೊಂಡು ಬಂದಿದ್ದರು. ಐದನೆಯ ವರ್ಷ ಸುಧಾಕರ ಒಂದು ನಾಮಕರಣದ ಪಂಕ್ತಿಯಲ್ಲಿ ಕೂತು, ಎಲ್ಲರೆದುರಿಗೆ, "ಇವರ ಜೊತೆ ಇದ್ರೆ ನನಗೆ ಏಳಿಗೆ ಇಲ್ಲ" ಎಂದು ಹೇಳಿ ತಮ್ಮ ಬಡಾವಣೆ ವಾಕಡದ ಕಂಪ್ಯೂಟರ್ ಹುಡುಗರ ತಂಡ ಸೇರಿಬಿಟ್ಟರು. ಆವತ್ತಿನಿಂದ ಭಾವ-ಭಾವಂದಿರ ನಡುವೆ ಮಾತು ನಿಂತಿತ್ತು. ಶೆಟ್ಟರ ತಂಗಿ ಅಣ್ಣನ ಮನೆಗೆ ಬಂದರೆ ಗಂಡ ಕೆಳಗೆ ಕಾರಿನಲ್ಲೇ ಕೂತಿರುತ್ತಿದ್ದರಂತೆ.

ಒಂದು ದಿನ ಶೆಟ್ಟರು ತಾವೇ ನನ್ನ ಟೇಬಲಿಗೆ ಕಾಫಿ ತಂದರು. ಮಾಲೀಕ ತಾನೇ ಕಾಫಿ ತಂದರೆ ಗಿರಾಕಿ ಎದ್ದು ಓಡಬೇಕು. ನನಗೆ ಅಷ್ಟು ಚುರುಕು ಇಲ್ಲ.

"ಹಿರೇಮಠರೇ, ನಮ್ಮ ತಂಡಕ್ಕೆ ಒಂದು ಜನ ಕಡಿಮೆ ಉಂಟು" ಎಂದರು.

"ಶೆಟ್ಟರ, ನಾ ಮೀನು ತಿನ್ನಂಗಿಲ್ಲ."

"ತಿನ್ಲಿಕ್ಕೆ ಯಾರು ಹೇಳಿದ್ದು ಮಾರಾಯ್ರೆ? ಹಿಡಿದು, ತೂಗಿ, ವಾಪಸ್ ನೀರಿಗೆ ಬಿಡುವುದು."

"ಹಿಡಿಯೂದೂ ಗೊತ್ತಿಲ್ರಿ."

"ನೀವು ಒಂದು ಕಾಫಿ ಇಟ್ಕೊಂಡು ಎರಡು ಗಂಟೆ ಅಲುಗಾಡದೆ ಕೂತದ್ದು ನಾನು ನೋಡಿದ್ದೇನೆ. ಇದಕ್ಕೆ ಬೇಕಾದ್ದು ಅದೇ."

ನನ್ನ ಜೀವಮಾನದಲ್ಲಿ ಯಾರೂ ನನ್ನ ಕೂರುವಿಕೆಯನ್ನು ಹೊಗಳಿರಲಿಲ್ಲ. ಮೆತ್ತಗಾಗಿ ಒಪ್ಪಿಕೊಂಡೆ. ಸುಬೇದಾರರು ನಮ್ಮ ಗಚ್ಚಿಯ ಮೇಲೆ ಎರಡು ಸಂಜೆ ತರಬೇತಿ ಕೊಟ್ಟರು. ಮೊದಲನೆಯ ಸಂಜೆ ನನ್ನ ಕೊಕ್ಕೆಗೆ ಪಕ್ಕದ ಮನೆಯವರ ಒಣಹಾಕಿದ ಲಂಗ ಸಿಕ್ಕಿತು, ಎರಡನೆಯ ಸಂಜೆ ನನ್ನದೇ ಸ್ವೆಟರು. ಸುಬೇದಾರರು "ಕಾಳಜಿ ಕರೂ ನಕಾ" ಎಂದು ಮರಾಠಿಯಲ್ಲಿ, ಚಿಂತೆ ಬೇಡವೆಂದು, ಸಮಾಧಾನ ಹೇಳಿದರು. ಆದರೆ ಅವರ ಮುಖದಲ್ಲಿ ಕಾಳಜಿ ಎದ್ದು ಕಾಣುತ್ತಿತ್ತು.

ಪಂದ್ಯದ ಭಾನುವಾರ ನಸುಕಿನಲ್ಲಿ ಎದ್ದು, ಎರಡು ಸ್ವೆಟರು, ಮಫ್ಲರು, ಕಿವಿ ಮುಚ್ಚುವ ಟೊಪ್ಪಿಗೆ ಎಲ್ಲ ಏರಿಸಿದೆ. ಸುಮಿತ್ರಾ ಗೋಧಿ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿ ಮೀನಿಗೆ ಉಂಡೆ ಮಾಡಿ ಡಬ್ಬಿಗೆ ಹಾಕಿಕೊಟ್ಟಳು. ನನಗೆ ಎರಡು ಒಣ ಚಪಾತಿ. ಸುಬೇದಾರರ ಜೀಪಿನಲ್ಲಿ ಕೆರೆ ಮುಟ್ಟಿದಾಗ ನೀರೇ ಕಾಣಲಿಲ್ಲ, ಬರೀ ಮಂಜು. ಒಂಬತ್ತು ತಂಡಗಳಿದ್ದವು. ದಂಡೆಯನ್ನು ಮೂರು ಭಾಗ ಮಾಡಿ, ಒಂದೊಂದು ಭಾಗದಲ್ಲಿ ಪ್ರತಿ ತಂಡದ ಒಬ್ಬೊಬ್ಬರನ್ನು ಚೀಟಿ ಎತ್ತಿ ಕೂರಿಸುತ್ತಾರೆ. ಆ ಭಾಗದಲ್ಲಿ ಹಿಡಿದ ಮೀನಿನ ತೂಕದ ಮೇಲೆ ನಂಬರು, ಮೂವರ ನಂಬರು ಕೂಡಿಸಿದರೆ ತಂಡದ ಹಣೆಬರಹ. ಶೆಟ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ಒಂದೇ ಮಾತು: "ಗೆಲ್ಲುದು ಬೇಡ. ಆ ಭಾವನ ತಂಡಕ್ಕಿಂತ ಒಂದು ಮೇಲೆ ಇದ್ರೆ ಸಾಕು ನನಗೆ."

ಚೀಟಿ ಎತ್ತಿದೆ. ನನ್ನ ಪಕ್ಕದ ಜಾಗವೇ ಸುಧಾಕರ ಅವರದು.

ಅವರು ಮಡಚುವ ಕುರ್ಚಿ, ಛತ್ರಿ, ಗಾಳದ ದಾರಕ್ಕೆ ಕಟ್ಟಿ ತೇಲಿಬಿಡುವ ನಾಲ್ಕು ನಮೂನೆಯ ಬೆಂಡು ಎಲ್ಲ ಹರಡಿಕೊಂಡು ಕೂತಿದ್ದರು. ನನ್ನನ್ನು ನೋಡಿ, "ನೀವು ಶೆಟ್ಟರ ಕಡೆಯವರಾ?" ಎಂದರು. ಹೌದೆಂದೆ. "ಅವರ ಶುಗರ್ ಈಗ ಹೇಗುಂಟು?" ಎಂದು ನೀರು ನೋಡುತ್ತಲೇ ಕೇಳಿದರು. "ಕಂಟ್ರೋಲಿನೊಳಗ ಅದರಿ" ಎಂದೆ. ಅಷ್ಟಕ್ಕೆ ಮಾತು ಮುಗಿಯಿತು.

ಆಮೇಲಿನ ಐದು ಗಂಟೆಗಳನ್ನು ಹೇಗೆ ವರ್ಣಿಸಲಿ? ಕಚೇರಿಯಲ್ಲಿ ಕೂತರೆ ನಡುವೆ ಒಂದು ಚಹಾ ಬರುತ್ತದೆ, ಯಾರಾದರೂ ಬೈಯಲಾದರೂ ಬರುತ್ತಾರೆ. ಇಲ್ಲಿ ಬೆಂಡನ್ನು ನೋಡಬೇಕು. ಬೆಂಡು ನನ್ನನ್ನು ನೋಡುತ್ತದೆ. ಚಳಿ ನಾನು ಕೂತ ಕಲ್ಲಿನಿಂದ ಹೊರಟು ಬೆನ್ನುಹುರಿ ಹತ್ತಿ ಟೊಪ್ಪಿಗೆಯೊಳಗೆ ಸೇರಿಕೊಂಡಿತು. ಸುಧಾಕರ ಅವರಿಗೆ ಅಂಗೈಯಷ್ಟು ಮೀನುಗಳು ಒಂದರ ಹಿಂದೊಂದು ಬಂದವು. ನನ್ನ ಉಂಡೆಗಳನ್ನು ಯಾರೋ ಕೆಳಗಿನಿಂದ ಸದ್ದಿಲ್ಲದೆ ತಿಂದುಹೋಗುತ್ತಿದ್ದರು. ಸುಮಿತ್ರಾಳ ಕೈರುಚಿ ನೀರೊಳಗೂ ಮೆಚ್ಚುಗೆಯಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಬಿಸಿಲೇರಿತು, ಚಪಾತಿ ತಿಂದೆ, ಕಣ್ಣು ಮುಚ್ಚಿತು. ಯಾವ ಕೂರುವಿಕೆಯನ್ನು ನಂಬಿ ಶೆಟ್ಟರು ನನ್ನನ್ನು ಕರೆತಂದಿದ್ದರೋ ಅದೇ ಕೂರುವಿಕೆಯಲ್ಲಿ ನಾನು ಗೊರಕೆ ಹೊಡೆಯತೊಡಗಿದೆ.

ಎಚ್ಚರವಾದದ್ದು "ಕೋಲು, ಕೋಲು" ಎಂಬ ಸುಧಾಕರ ಅವರ ಕೂಗಿಗೆ. ನನ್ನ ಗಾಳದ ಕೋಲು ತಾನೇ ಎದ್ದು ಕೆರೆಯೊಳಗೆ ನಡೆದುಕೊಂಡು ಹೋಗುತ್ತಿತ್ತು. ಎರಡು ಸ್ವೆಟರಿನ ಸಮೇತ ಸೊಂಟದ ತನಕ ನೀರಿಗಿಳಿದು ಅದರ ಬಾಲ ಹಿಡಿದೆ. ಆ ಕಡೆಯಿಂದ ಯಾರೋ ನನಗಿಂತ ಜೋರಾಗಿ ಎಳೆಯುತ್ತಿದ್ದರು. ಬೇರೆಯವರ ಕೋಲನ್ನು ಮುಟ್ಟಬಾರದೆಂಬುದು ಪಂದ್ಯದ ನಿಯಮ. ಬಾಯಿಗೆ ನಿಯಮವಿರಲಿಲ್ಲ.

"ಎಳೀಬೇಡಿ ಮಾರಾಯ್ರೆ, ದಾರ ಕಡೀತದೆ. ಬಿಡಿ, ಹೋಗ್ಲಿ ಅದು" ಎಂದರು ಸುಧಾಕರ, ದಂಡೆಯ ತುದಿಗೆ ಬಂದು.

"ಎಲ್ಲಿಗೆ ಹೋಗ್ಲಿರಿ?"

"ಅದಕ್ಕೆ ಎಲ್ಲಿಗೆ ಬೇಕೋ ಅಲ್ಲಿಗೆ. ನೀವು ಕೋಲು ಮೇಲೆತ್ತಿ ಹಿಡ್ಕೊಳ್ಳಿ. ಅದು ದಣಿಯಲಿ."

ನಾವಿಬ್ಬರಲ್ಲಿ ಮೊದಲು ದಣಿಯುವವರು ಯಾರೆಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ನಾನು ಮೂವತ್ತು ವರ್ಷ ಮುಂದಿದ್ದೆ. ಆದರೂ ಅವರು ಸುತ್ತು ಎಂದಾಗ ದಾರ ಸುತ್ತಿದೆ, ಬಿಡು ಎಂದಾಗ ಬಿಟ್ಟೆ. ಅವರ ಸ್ವಂತ ಬೆಂಡು ಮೀನು ಕಚ್ಚಿ ಎರಡು ಸಲ ಮುಳುಗಿತು. ಅವರು ತಿರುಗಿ ನೋಡಲಿಲ್ಲ. ಅರ್ಧ ಗಂಟೆಯ ಮೇಲೆ ನನ್ನ ಕೈಬಲೆಯಲ್ಲಿ ಒಂದು ಕಾಟ್ಲಾ ಮೀನು, ದೊಡ್ಡ ತಲೆ ಹೊತ್ತುಕೊಂಡು, ಬಾಯಿ ತೆರೆದು ಮುಚ್ಚುತ್ತ ಮಲಗಿತ್ತು. ಅದರ ಮುಖದ ಆಯಾಸ ನನಗೆ ಬಹಳ ಪರಿಚಯದ್ದೆನಿಸಿತು. ತೂಗುವ ಹೆಣ್ಣುಮಗಳು ಮೂರೂವರೆ ಕಿಲೋ ಎಂದು ಬರೆದುಕೊಂಡು ಅದನ್ನು ನೀರಿಗೆ ಬಿಟ್ಟಳು. ಸುಧಾಕರ ಅವರ ಸಣ್ಣ ಮೀನುಗಳೆಲ್ಲ ಸೇರಿ ಮೂರು ಕಿಲೋ ಆದವು.

ಫಲಿತಾಂಶ ಓದಿದರು. ಒಂಬತ್ತು ತಂಡಗಳಲ್ಲಿ ನಾವು ಎಂಟನೆಯವರು. ಒಂಬತ್ತನೆಯವರು ವಾಕಡದವರು. ನನ್ನ ಮೀನೊಂದು ಬಿದ್ದಿರದಿದ್ದರೆ ಇದು ತಿರುವು ಮುರುವಾಗುತ್ತಿತ್ತು. ಶೆಟ್ಟರು ನನ್ನ ಒದ್ದೆ ಬಟ್ಟೆಯನ್ನೂ ಲೆಕ್ಕಿಸದೆ ತಬ್ಬಿಕೊಂಡು, "ಆ ಭಾವನಿಗೆ ಬುದ್ಧಿ ಕಲಿಸಿದ್ರಿ ನೀವು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಸುಬೇದಾರರು ನನಗೆ ಸೆಲ್ಯೂಟ್ ಹೊಡೆದರು. ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆದರೆ ಅತ್ತ ಸುಧಾಕರ ಒಬ್ಬರೇ ಕೂತು ದಾರ ಸುತ್ತುತ್ತಿದ್ದರು, ಅವರ ಹುಡುಗರು ಆಗಲೇ ಕಾರು ಹತ್ತಿದ್ದರು. ನನಗೆ ತಡೆಯಲಿಲ್ಲ.

"ಶೆಟ್ಟರ, ಅದನ್ನ ನಾ ಹಿಡೀಲಿಲ್ರಿ. ನಿಮ್ಮ ಭಾವನವರು ಬಾಯಿಲೆ ಹಿಡಿಸಿದ್ರು."

ಶೆಟ್ಟರು ನನ್ನನ್ನು ಬಿಟ್ಟರು. ಆಮೇಲೆ ತಮ್ಮ ತಿಂಡಿಯ ಡಬ್ಬಿ ಎತ್ತಿಕೊಂಡು ಅತ್ತ ನಡೆದರು.

"ಯಾಕೆ ಹೇಳಿಕೊಟ್ರಿ?" ಎಂದು ಕೇಳಿದ್ದು ನನಗೆ ಕೇಳಿಸಿತು.

"ಅಷ್ಟು ದೊಡ್ಡ ಮೀನು ತಪ್ಪಿಸ್ಕೊಳ್ಳುದು ನೋಡ್ತಾ ಕೂರ್ಲಿಕ್ಕೆ ಆಗ್ಲಿಲ್ಲ" ಎಂದರು ಸುಧಾಕರ.

"ಊಟ ಆಯ್ತಾ?"

"ಇಲ್ಲ."

"ಬನ್ಸ್ ಉಂಟು. ತಕೊಳ್ಳಿ."

ಇಬ್ಬರೂ ಒಂದೇ ಕಲ್ಲಿನ ಮೇಲೆ ಕೂತು ಬನ್ಸ್ ತಿಂದರು. ನಾನು ಜೀಪಿನಲ್ಲಿ ನಡುಗುತ್ತ ಕೂತೆ, ನನ್ನನ್ನು ಯಾರೂ ಕರೆಯಲಿಲ್ಲ.

ಎಂಟು ದಿನ ಜ್ವರ ಬಂದು ಹೋದಮೇಲೆ ಹೋಟೆಲಿಗೆ ಹೋದೆ. ಶೆಟ್ಟರು ಮತ್ತೆ ತಾವೇ ಕಾಫಿ ತಂದರು. "ಸುಧಾಕರ ಭಾವ ವಾಪಸ್ ನಮ್ಮ ತಂಡಕ್ಕೇ ಬರ್ತಾರಂತೆ. ನಿಮಗೆ ಇನ್ನು ಕಷ್ಟ ಕೊಡುದಿಲ್ಲ, ಭಾನುವಾರ ಆರಾಮ ಮಲಗಿ" ಎಂದರು. "ಛಲೋ ಆತ್ರಿ" ಎಂದೆ. ಕಾಫಿ ರುಚಿಸಲಿಲ್ಲ.

ಮನೆಗೆ ಬಂದಾಗ ಸುಮಿತ್ರಾ, "ಯಾಕ ಮಾರಿ ಸಣ್ಣ ಮಾಡೀರಿ?" ಎಂದಳು.

"ತಂಡದಾಗಿಂದ ತಗದ್ರು."

"ನೀವೇ ಒಲ್ಲೆ ಅಂತಿದ್ರಲ್ಲ?"

"ನಾ ಒಲ್ಲೆ ಅನ್ನೂದು ಬ್ಯಾರೆ, ಅವರು ಒಲ್ಲೆ ಅನ್ನೂದು ಬ್ಯಾರೆ."

ಈಗ ವಾಕಡದ ಹುಡುಗರ ತಂಡದಲ್ಲಿ ಒಂದು ಜಾಗ ಖಾಲಿ ಇದೆಯೆಂದು ಕೇಳಿದ್ದೇನೆ. ನಾನಾಗಿ ಹೋಗಿ ಕೇಳುವವನಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದೇನೆ. ಆದರೆ ವಾಕಡಕ್ಕೆ ಹೋಗುವ ಬಸ್ಸು ನಮ್ಮ ಸ್ಟಾಪಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಮಾತ್ರ, ಸುಮ್ಮನೆ, ತಿಳಿದುಕೊಂಡು ಇಟ್ಟಿದ್ದೇನೆ.