ನಾಲ್ಕು ಗಾಲಿ ಬೈಕೂ ಹೆಣ್ಣು ನೋಡುವ ಶಾಸ್ತ್ರವೂ

ಆ ಭಾನುವಾರ ಮಾಲತೇಶನ ಗ್ರಹಚಾರ ಶುರುವಾದದ್ದು ಸೋದರಮಾವ ಬಕ್ಕೇಶನ ಬಾಯಿಂದ. ಮಾವ-ಅಳಿಯ ಇಬ್ಬರೂ ಕೊಂಡಜ್ಜಿ ಊರಿನ ಸಣ್ಣಬೀರಪ್ಪನ ಮನೆಗೆ ಹೆಣ್ಣು ನೋಡಲು ಬಂದಿದ್ದರು. ಉಪ್ಪಿಟ್ಟು ಬರುವ ಮೊದಲೇ ಬಕ್ಕೇಶ, "ನಮ್ಮ ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ರೀ. ಎಂಥಾ ಇಂಜಿನ್ ಆದ್ರೂ ಕಣ್ಮುಚ್ಕಂಡು ಬಿಚ್ಚಿ ಜೋಡಿಸ್ತಾನೆ" ಎಂದುಬಿಟ್ಟ.

ಡಿಪ್ಲೊಮಾ ಆದದ್ದು ನಿಜ. ಆದರೆ ಆಮೇಲೆ ಮಾಲತೇಶ ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಆಫೀಸು ಸೇರಿ ಕಂಪ್ಯೂಟರ್ ಮುಂದೆ ಕೂತವನು, ಸ್ಪ್ಯಾನರ್ ಮುಟ್ಟಿರಲಿಲ್ಲ. ಮಾವನ ಮಾತು ತಿದ್ದೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಹುಡುಗಿ ಚೈತ್ರಾ ತಟ್ಟೆ ಹಿಡಿದು ಬಂದಳು. ತೆರೆದ ಬಾಯಿ ಹಾಗೇ ಉಳಿಯಿತು. ಇವಳೊಬ್ಬಳು ಹೂಂ ಅಂದರೆ ಸಾಕು, ಜನ್ಮದಲ್ಲಿ ಇನ್ನೇನೂ ಕೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿಬಿಟ್ಟ.

"ದೇವ್ರು ಕಳಿಸ್ದಂಗೆ ಬಂದೀರಿ. ಬರ್ರಿ ಹಿತ್ಲಿಗೆ" ಎಂದು ಸಣ್ಣಬೀರಪ್ಪ ಎದ್ದೇಬಿಟ್ಟ.

ಹಿತ್ತಲಲ್ಲಿ ದಪ್ಪ ಟೈರಿನ ನಾಲ್ಕು ಗಾಲಿ ಬೈಕೊಂದು ನಿಂತಿತ್ತು. ಯಾವುದೋ ಮುಚ್ಚಿಹೋದ ರೆಸಾರ್ಟಿನಿಂದ ತಂದದ್ದು, ಈಗ ಹೊಲಕ್ಕೆ ಗೊಬ್ಬರ ಹೊರುತ್ತಿತ್ತು. "ಹೆಬ್ಬೆಟ್ಟಿಲೆ ಈ ಲಿವರ್ ಒತ್ತಿದ್ರೆ ಓಡ್ತೈತೆ. ಬಿಟ್ರೆ ನಿಲ್ಬೇಕಲ್ಲ, ನಿಲ್ಲಂಗಿಲ್ಲ. ಹಬ್ಬ ಆದಾಗಿಂದ ಹಿಂಗೆ" ಎಂದ ಸಣ್ಣಬೀರಪ್ಪ.

"ಥ್ರಾಟಲ್ ಹಿಡ್ಕಂಡೈತೆ" ಎಂದ ಮಾಲತೇಶ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಎಲ್ಲರೂ ತಲೆದೂಗಿದರು.

ಇಂಜಿನ್ ಆಫ್ ಇದ್ದಾಗಲೇ ಪರೀಕ್ಷೆ ಮಾಡಬೇಕೆಂಬುದು ಡಿಪ್ಲೊಮಾದ ಮೊದಲ ವರ್ಷದ ಪಾಠ. ಆದರೆ ಅಡಿಗೆಮನೆ ಕಿಟಕಿಯಲ್ಲಿ ಚೈತ್ರಾ ನಿಂತಿದ್ದಳಲ್ಲ! ಹತ್ತಿ ಕೂತ, ಸ್ಟಾರ್ಟ್ ಮಾಡಿದ, ಒತ್ತಿದ. ಗಾಡಿ ಒಣಹಾಕಿದ್ದ ಮೆಕ್ಕೆಜೋಳದ ಮೇಲೆ ಹಾದು, ಕೋಳಿಗಳನ್ನು ಚದುರಿಸಿ, ಪಕ್ಕದ ಮನೆ ಹಾಲಸ್ವಾಮಿಯ ಬಣವೆಗೆ ನುಗ್ಗಿ ಕೆಮ್ಮಿ ನಿಂತಿತು. ಮಾಲತೇಶ ಇಳಿದಾಗ ಅವನ ತಲೆ ತುಂಬ ಹುಲ್ಲು. ಕಟ್ಟಿದ್ದ ಎತ್ತೊಂದು ಆಸೆಯಿಂದ ಕತ್ತು ಚಾಚಿತು.

"ಬ್ರೇಕ್ ಹಿಡಿಬೇಕಿತ್ರೀ" ಎಂದ ಹಾಲಸ್ವಾಮಿ, ಬಣವೆ ಹಾಳಾದ ಸಿಟ್ಟನ್ನೂ ಮರೆತು. ಬಿಟ್ಟಿ ಸಲಹೆ ಕೊಡುವ ಸುಖದ ಮುಂದೆ ಬಣವೆ ಯಾವ ಲೆಕ್ಕ? ಗಾಡಿಯನ್ನು ವಾಪಸ್ ಹಿತ್ತಲಿಗೆ ತಳ್ಳಿಸಿ, ಕೇಬಲ್ಲಿಗೆ ಎಣ್ಣೆ ಬಿಡಬೇಕೆಂದು ಮನೆಯಿಂದ ಕೊಬ್ಬರಿ ಎಣ್ಣೆ ತಂದು ತಾನೇ ಸುರಿದ. ಗಾಡಿ ಘಮಘಮ ಎಂದಿತೇ ಹೊರತು ಲಿವರ್ ವಾಪಸ್ ಬರಲಿಲ್ಲ. ಬಕ್ಕೇಶ ಸುಮ್ಮನಿರುತ್ತಾನೆಯೇ? "ಕಾರ್ಬುರೇಟರ್ ಬಿಚ್ಚಲೇ" ಎಂದ. ಮಾಲತೇಶ ಬಿಚ್ಚಿದೊಡನೆ ಒಳಗಿನ ಸ್ಪ್ರಿಂಗು ಟಣ್ಣನೆ ಹಾರಿ ಜೋಳದ ರಾಶಿಯಲ್ಲಿ ಮಾಯವಾಯಿತು. ಮನೆಮಂದಿಯೆಲ್ಲ ಮೊರ ಹಿಡಿದು ಕೂತು ಜೋಳ ಕೇರಿ ಅದನ್ನು ಹುಡುಕಿಕೊಟ್ಟರು. ಜೋಡಿಸಿದ ಮೇಲೂ ಲಿವರ್ ಜಪ್ಪಯ್ಯ ಅನ್ನಲಿಲ್ಲ.

ಬಕ್ಕೇಶ ಅಳಿಯನ ಕಿವಿಯಲ್ಲಿ ಉಸುರಿದ: "ಮಾತು ಹುಷಾರು. ಈ ಮನ್ಯಾಗೆ ನಡೆಯೋದು ಹುಡುಗಿ ಅವ್ವ ಮರಿಯವ್ವಂದು. ಚಟ್ನಿಗೆ ಉಪ್ಪು ಜಾಸ್ತಿ ಅಂದಿದ್ದಕ್ಕೆ ಹರಿಹರದ ಹುಡುಗನ್ನ ಹಂಗೇ ಬಸ್ ಹತ್ತಿಸ್ಯಾಳೆ."

ಉಳಿದಿದ್ದು ಹ್ಯಾಂಡಲ್ಲಿನ ಮೇಲೆ ಲಿವರ್ ಕೂತಿದ್ದ ಪುಟ್ಟ ಡಬ್ಬಿ. ಮಾಲತೇಶ ಅದರ ಮುಚ್ಚಳ ತೆಗೆದ. ಇರುವೆಗಳ ಸಾಲು ಹೊರಟಿತು. ಅವುಗಳ ಹಿಂದೆ, ಕುಂಕುಮ ಬಡಿದುಕೊಂಡು ಕಲ್ಲಾಗಿದ್ದ ಒಂದು ಚೂರು ಹೋಳಿಗೆ! ಆಯುಧಪೂಜೆಯಲ್ಲಿ ಯಾರೋ ಗಾಡಿಗೆ ಎಡೆ ಇಟ್ಟು ಸಂದಿಯೊಳಗೆ ಒತ್ತಿದ್ದಾರೆ. ಯಾರೋ ಏನು, ಈ ಮನೆಯಲ್ಲಿ ಎಡೆ ಇಡುವವಳು ಮರಿಯವ್ವನೇ!

ಅಷ್ಟರಲ್ಲಿ ಮರಿಯವ್ವನೇ ಚಹಾ ಹಿಡಿದು ಬಂದಳು. "ಏನು ಸಿಕ್ತಪ್ಪಾ?"

ಉಪ್ಪಿನ ಮಾತಿಗೇ ಬಸ್ ಹತ್ತಿಸಿದವಳು, ನಿಮ್ಮ ಹೋಳಿಗೆಯಿಂದಲೇ ಗಾಡಿ ಕೆಟ್ಟಿದೆ ಎಂದರೆ ಬಿಟ್ಟಾಳೆಯೇ? ಮಾಲತೇಶನಿಗೆ ಬೇರೆ ದಾರಿ ತೋಚಲಿಲ್ಲ. ಅವಳತ್ತ ಬೆನ್ನು ಮಾಡಿ ಚೂರನ್ನು ಬಾಯಿಗೆ ಹಾಕಿಕೊಂಡ. ಗ್ರೀಸು, ಹೂರಣ, ಇರುವೆ ಎಲ್ಲ ಒಟ್ಟಿಗೇ ಗಂಟಲಿಗಿಳಿದವು.

"ಏನಿಲ್ರೀ ಅಮ್ಮಾರೇ. ಧೂಳು."

ಡಬ್ಬಿ ಒರೆಸಿ ಮುಚ್ಚಿದ. ಲಿವರ್ ಒತ್ತಿ ಬಿಟ್ಟರೆ ಟಿಕ್ ಎಂದು ವಾಪಸ್ ಬಂತು. ಹಿತ್ತಲಲ್ಲಿ ಒಂದು ಸುತ್ತು ಹೊಡೆದು ಸರಿಯಾಗಿ ಸಣ್ಣಬೀರಪ್ಪನ ಕಾಲ ಬಳಿಯೇ ತಂದು ನಿಲ್ಲಿಸಿದ. ಹಾಲಸ್ವಾಮಿ ಚಪ್ಪಾಳೆ ತಟ್ಟಿದ. "ಹುಡುಗ ಅಂದ್ರೆ ಇವ್ನು ನೋಡ್ರಿ!" ಎಂದ ಸಣ್ಣಬೀರಪ್ಪ. ಮಾಲತೇಶನ ಎದೆ ಹಿಗ್ಗಿತು. ಪಾಪ, ಹಿಗ್ಗಲಿ ಬಿಡಿ.

"ಬರೇ ಧೂಳಾ?" ಮರಿಯವ್ವ ಹುಬ್ಬೇರಿಸಿದಳು. "ಹಬ್ಬದಾಗೆ ನಾನೇ ಅದಕ್ಕೆ ಹೋಳಿಗೆ ಎಡೆ ಇಟ್ಟಿದ್ದೆ. ಅದೇ ಸಿಕ್ಕಂಡಿರ್ಬೇಕು ಅಂತ ಎಷ್ಟು ಸರ್ತಿ ಹೇಳಿದೆ, ಈ ಮನ್ಯಾಗೆ ನನ್ನ ಮಾತು ಯಾರು ಕೇಳ್ತಾರೆ!"

"ಅದೇ ಇತ್ತವ್ವ" ಎಂದಳು ಕಿಟಕಿಯಿಂದ ಚೈತ್ರಾ. "ತಿಂದ್ರು."

ಎಲ್ಲರೂ ಮಾಲತೇಶನ ಬಾಯಿ ನೋಡಿದರು.

"ಇರುವಿ ಸಮೇತ ತಿಂದ್ರು, ನಾನೇ ನೋಡ್ದೆ. ನಂಗಿವ್ರು ಬ್ಯಾಡಪ್ಪಾ. ಇವ್ರಿಗೆ ಹೆಂಡ್ತಿ ಯಾಕ, ಒಂದು ಗ್ಯಾರೇಜ್ ಸಾಕು."

ನಡೆದದ್ದನ್ನು ಹೇಳಿಬಿಡೋಣವೆಂದು ಮಾಲತೇಶ ಬಾಯಿ ತೆರೆದ. ಬದುಕುಳಿದಿದ್ದ ಒಂದೇ ಒಂದು ಇರುವೆ ಆಗಲೇ ನಾಲಿಗೆ ಕಚ್ಚಬೇಕೆ! ಅವನಿಂದ ಹೊರಟದ್ದು ಬರೀ "ಆ..." ಎಂಬ ಸ್ವರ.

ಸಣ್ಣಬೀರಪ್ಪ ಬಂದು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಹಾಕಿದ. "ಬ್ಯಾಸರ ಮಾಡ್ಕಬ್ಯಾಡ್ರಿ. ಮದ್ವಿ ಮಾತು ಇಲ್ಲಿಗೆ ಬಿಡಣ. ಬರೋ ಭಾನುವಾರ ಮಾತ್ರ ತಪ್ಪಿಸ್ಬ್ಯಾಡ್ರಿ, ನಮ್ಮ ಹೊಲ ಉಳೋ ಟಿಲ್ಲರ್ರೂ ಕೆಟ್ಟು ಕುಂತೈತೆ. ಅದಕ್ಕೆ ಎಡೆ ಇಟ್ಟಿಲ್ಲ, ಬುತ್ತಿ ನೀವೇ ಕಟ್ಕಂಡು ಬರ್ರಿ."