ಬೆಟ್ಟದ ಮೇಲೊಂದು ಬೀಗರೂಟ

ಬೆಟ್ಟ ಹತ್ತುವುದಕ್ಕೂ ಮುಂಗಡ ಬುಕ್ ಮಾಡಬೇಕು, ದಾರಿ ತೋರಿಸಲು ಒಬ್ಬರು ಜೊತೆಗಿರಬೇಕು ಎಂಬ ಸಂಗತಿ ನನಗೆ ತಿಳಿದದ್ದು ನನ್ನ ಅಳಿಯನಿಂದ. ಅಲ್ಲಿಯವರೆಗೂ ಬೆಟ್ಟವೆಂದರೆ ಹತ್ತುವುದು, ಇಳಿಯುವುದು, ಅಷ್ಟೇ ಅಂದುಕೊಂಡಿದ್ದೆ.

ನಾನು ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆಯವನು. ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಅಪ್ಪನ ಆಲೆಮನೆ ಸೇರಿದೆ. ಅವತ್ತಿನಿಂದ ಕಬ್ಬು ಹೊತ್ತಿದ್ದೇನೆ, ಬೆಲ್ಲ ಹೊತ್ತಿದ್ದೇನೆ, ಕುದಿಯುವ ಕೊಪ್ಪರಿಗೆ ಇಳಿಸಿದ್ದೇನೆ. ಯಾರನ್ನೂ ‘ಸ್ವಲ್ಪ ಕೈ ಹಿಡಿಯಪ್ಪ’ ಎಂದು ಕೇಳಿದವನಲ್ಲ. ಆದ್ದರಿಂದ ಅಳಿಯ ಫೋನ್ ಮಾಡಿ, “ಮಾವ, ಹಲಗೂರಿನಾಚೆ ಕಾಡಂಚಲ್ಲಿ, ಬೆಟ್ಟದ ಬುಡದಲ್ಲೇ ಒಂದು ರೆಸಾರ್ಟು ಐತೆ. ಬೆಳಿಗ್ಗೆ ಬೆಟ್ಟಕ್ಕೆ ಕರ್ಕೊಂಡೋಗಿ ಸಂಜೆಗೆ ವಾಪಸ್ ಕರ್ಕೊಂಡ್ ಬತ್ತಾರೆ. ನೀವೂ ಅತ್ತೇನೂ ಬನ್ನಿ. ನಮ್ಮಪ್ಪಾನೂ ಬತ್ತಾರೆ” ಅಂದಾಗ, ನನಗೆ ಬೆಟ್ಟ ಕೇಳಿಸಲಿಲ್ಲ, ರೆಸಾರ್ಟು ಕೇಳಿಸಲಿಲ್ಲ. ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಅಳಿಯನ ಅಪ್ಪ, ಅಂದರೆ ನನ್ನ ಬೀಗರು, ಮಳವಳ್ಳಿ ಕಡೆ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದು ರಿಟೈರ್ ಆದವರು. ಒಣಗಿದ ಕಬ್ಬಿನ ಜಲ್ಲೆಯ ಹಾಗೆ ನೆಟ್ಟಗಿದ್ದಾರೆ. ಮಗಳ ಮದುವೆಯಾದ ಮೇಲೆ ನಾವು ಬೀಗರೂಟ ಹಾಕಿದೆವು. ನಮ್ಮ ಕಡೆ ಮದುವೆ ಹೇಗಾಯಿತು ಎಂದು ಯಾರೂ ಕೇಳುವುದಿಲ್ಲ, ಬೀಗರೂಟ ಹೇಗಾಯಿತು ಎಂದು ಕೇಳುತ್ತಾರೆ. ಅವತ್ತು ನಮ್ಮ ಬೀಗರು ಊಟಕ್ಕೆ ಕೂರದೆ, ಹಳೇ ಅಭ್ಯಾಸ ನೋಡಿ, ಜನರನ್ನೆಲ್ಲ ಸಾಲಾಗಿ ಕೂರಿಸುತ್ತ ನಿಂತುಬಿಟ್ಟರು. ಕಡೇ ಪಂಕ್ತಿಗೆ ತಾವು ಕೂತರು. ಅವರ ಎಲೆಗೆ ಮುದ್ದೆ ಬಿತ್ತು. ಸಾರಿನ ಬಕೆಟ್ಟು ಬಂತು. ಬಕೆಟ್ಟಿನಲ್ಲಿ ಸೌಟು ಬಿಟ್ಟರೆ ಬೇರೇನೂ ಇರಲಿಲ್ಲ!

ಬೀಗರು ಮಜ್ಜಿಗೆ ಹಾಕಿಸಿಕೊಂಡು ಮುದ್ದೆ ನುಂಗಿ ಎದ್ದರು. ಒಂದು ಮಾತು ಆಡಲಿಲ್ಲ. ಬೈದಿದ್ದರೆ ಅವತ್ತೇ ಮರೆಯುತ್ತಿದ್ದೆ. ಬೈಯಲಿಲ್ಲವಲ್ಲ, ಅದು ಎರಡು ವರ್ಷದಿಂದ ನನ್ನ ಗಂಟಲಲ್ಲೇ ಕೂತಿತ್ತು.

“ಊಟದ ವ್ಯವಸ್ಥೆ ಏನು ಅಳಿಯಂದ್ರೇ?” ಎಂದೆ ಫೋನಿನಲ್ಲಿ.

“ಅವರೇ ಪ್ಯಾಕ್ ಮಾಡಿ ಕೊಡ್ತಾರೆ ಮಾವ. ಚಪಾತಿ ರೋಲು, ಒಂದು ಜ್ಯೂಸು.”

ಚಪಾತಿಯನ್ನು ಸುರುಳಿ ಸುತ್ತಿ ಬೀಗರ ಕೈಗೆ ಕೊಡುವುದೇ? ಆ ಕ್ಷಣದಲ್ಲೇ ನಾನೊಂದು ತೀರ್ಮಾನಕ್ಕೆ ಬಂದೆ. ಬೆಟ್ಟದ ತುದಿಯಲ್ಲಿ ಬಿಸಿ ಮುದ್ದೆ, ನಾಟಿಕೋಳಿ ಸಾರು. ಹೋದ ಮಾನ ಹೋದ ಕಡೆಯಿಂದಲೇ ವಾಪಸ್ ಬರಬೇಕು.

ನನ್ನ ಹೆಂಡತಿ ಜಯಮ್ಮನಿಗೆ ಈ ಘನ ಉದ್ದೇಶ ತಿಳಿಸಿದೆ.

“ಹಲಗೂರು ಅವರ ತಾಲ್ಲೂಕು ಕಣ್ರೀ. ನ್ಯಾಯವಾಗಿ ಅವರೇ ನಮಗೆ ಊಟ ಆಕ್ಬೇಕು” ಅಂದಳು.

“ಹೆಣ್ಣು ಕೊಟ್ಟೋರು ನಾವು.”

“ಹೆಣ್ಣು ಕೊಟ್ಟಾಯ್ತಲ್ಲ, ಬೆಟ್ಟಕ್ಕೂ ಮುದ್ದೆ ಹೊತ್ಕೊಂಡೋಗಿ ಕೊಡ್ತೀನಿ ಅಂತ ಬರ್ಕೊಟ್ಟಿದ್ರಾ? ಬೆಳಿಗ್ಗೆ ಕಟ್ಟಿದ ಮುದ್ದೆ ಮಧ್ಯಾಹ್ನದೊತ್ಗೆ ಮೆತ್ತಗಾಗಿ ಒಂದಕ್ಕೊಂದು ಅಂಟ್ಕತದೆ.”

“ಹಂಗಾದ್ರೆ ಇನ್ನೊಂದೆರಡು ಬೊಗಸೆ ಹಿಟ್ಟು ಜಾಸ್ತಿ ಹಾಕಿ ಗಟ್ಟಿಯಾಗಿ ಕಟ್ಟು.”

ಈ ಸಲಹೆ ನನ್ನದೇ. ಇದನ್ನು ಓದುವವರು ದಯಮಾಡಿ ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಮದ್ದೂರಿಗೆ ಹೋಗಿ ಶೂ ಕೊಂಡೆ. ಆಲೆಮನೆಯಲ್ಲಿ ಬರಿಗಾಲಲ್ಲೇ ಬೆಳೆದ ಪಾದ ನನ್ನದು, ಸನಿಕೆಯ ಹಾಗೆ ಅಗಲ. ಅಂಗಡಿಯವನು ಇದ್ದ ಡಬ್ಬಗಳನ್ನೆಲ್ಲ ಬಿಚ್ಚಿದ. ಕೊನೆಗೆ, “ಯಜಮಾನ್ರೇ, ಇದರಲ್ಲಿ ಹೆಂಗೋ ತೂರ್ಸಿ. ನಡೀತಾ ನಡೀತಾ ಸಡಿಲಾಯ್ತದೆ” ಎಂದ. ಯಾವುದು ಸಡಿಲಾಗುತ್ತದೆ ಎಂದು ನಾನು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಬೆಟ್ಟದ ಬುಡದಲ್ಲಿರಬೇಕೆಂದು ಅಳಿಯ ಹತ್ತು ಸಲ ಹೇಳಿದ್ದ. ಆದರೆ ಬೀಗರಿಗೆಂದು ನಾನು ಆರಿಸಿದ್ದ ಹುಂಜ ಸಾಮಾನ್ಯದ್ದಲ್ಲ. ನಮ್ಮ ಹಿತ್ತಿಲನ್ನು ಎಷ್ಟೋ ಕಾಲ ಆಳಿದ ಹಿರಿಯ. ಅದು ಬೇಯಲು ಒಪ್ಪಲೇ ಇಲ್ಲ! ಜಯಮ್ಮ ಸೌಟಿನಲ್ಲಿ ಒತ್ತಿ ನೋಡುತ್ತಾಳೆ, ನಾನು ಸೌದೆ ಒಟ್ಟುತ್ತೇನೆ, ಅಳಿಯ ಫೋನ್ ಮಾಡುತ್ತಾನೆ. ನಾವು ಹೊರಟು, ಮಳವಳ್ಳಿ ದಾಟಿ, ಹಲಗೂರು ಹಿಂದೆ ಬಿಟ್ಟು ರೆಸಾರ್ಟು ತಲುಪುವಾಗ ಬಿಸಿಲು ಏರಿತ್ತು.

ಬೀಗರು ಆರಕ್ಕೇ ಬಂದು, ಕಸರತ್ತು ಮಾಡಿ, ಬಿಸಿನೀರು ಕುಡಿದು, ಬಿದಿರು ಕೋಲು ಹಿಡಿದು ನಿಂತಿದ್ದರು. ನನ್ನ ತಲೆ ಮೇಲಿದ್ದ ಹಾಟ್‌ಬಾಕ್ಸು ನೋಡಿ, “ಬೀಗರೇ, ಇಲ್ಲೇ ಉಳಿಯೋಕೆ ಬಂದ್ರಾ?” ಅಂದರು.

ದಾರಿ ತೋರಿಸುವವರು ಮಾದೇವಿ ಎಂಬ ಹೆಣ್ಣುಮಗಳು. ಸೀರೆಯ ಮೇಲೆ ಖಾಕಿ ಅಂಗಿ, ಕೊರಳಲ್ಲಿ ಸೀಟಿ. ಮೊದಲು ನನ್ನ ಚೀಲ ಬಿಚ್ಚಿಸಿದರು. ಬೀಗರಿಗೆ ಕೊಡಲೆಂದು ತಂದಿದ್ದ ಎರಡು ಅಚ್ಚು ಬೆಲ್ಲ ಸಿಕ್ಕಿತು.

“ಇದನ್ನ ಆಫೀಸಲ್ಲಿ ಇಟ್ಬುಡಿ. ಆನೆ ಬತ್ತವೆ.”

“ನಮ್ಮ ಬೆಲ್ಲಕ್ಕಾ?”

“ಯಾರ ಬೆಲ್ಲಕ್ಕಾದ್ರೂ.”

ಆ ಎರಡನೇ ಮಾತು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಹಾಟ್‌ಬಾಕ್ಸಿನ ಸರದಿ ಬಂತು. “ಇದೇನು ಯಜಮಾನ್ರೇ, ದಿಬ್ಬಣ ಹೊರಟಂಗೈತಲ್ಲ?”

“ಮುದ್ದೆ ಕಣಮ್ಮ. ಆ ಹಾಲಿನ ಕ್ಯಾನಲ್ಲಿ ಸಾರು. ಬೀಗರಿಗೆ.”

ಮಾದೇವಿ ಒಮ್ಮೆ ಬೀಗರನ್ನು, ಒಮ್ಮೆ ಹಾಟ್‌ಬಾಕ್ಸನ್ನು ನೋಡಿದರು. “ಸರಿ. ಬೆಂಕಿ ಹಚ್ಚಂಗಿಲ್ಲ. ನಾನು ಹೇಳಿದ ದಾರೀಲೇ ಬರಬೇಕು. ಇನ್ನೊಂದು, ಮೇಲಕ್ಕೆ ಏನು ತಕೊಂಡೋದ್ರೂ ಕಾಡಲ್ಲಿ ಬುಟ್ಟು ಬರಂಗಿಲ್ಲ. ಒಂದೋ ಹೊಟ್ಟೇಲಿ ಬರಬೇಕು, ಇಲ್ಲ ಕೈಯಲ್ಲಿ ಬರಬೇಕು.”

“ಹೊಟ್ಟೇಲೇ ಬತ್ತದೆ ಬುಡಿ” ಎಂದೆ, ಬಹಳ ಗತ್ತಿನಿಂದ.

ಹೊರಟೆವು. ಸುಮ್ಮನೆ ಹೇಳಬಾರದು, ಕಾಡು ಕಾಡೇ. ಬಿದಿರ ಮೆಳೆಯ ನಡುವೆ ಸಣ್ಣ ದಾರಿ, ಕಾಲಡಿ ಒಣ ಎಲೆಯ ಸದ್ದು, ಎಲ್ಲೋ ನವಿಲು ಕೂಗುತ್ತದೆ. ದಾರಿಯಲ್ಲಿ ಆನೆ ಲದ್ದಿ ಬಿದ್ದಿತ್ತು. ಮಾದೇವಿ ಬಗ್ಗಿ ನೋಡಿ, “ನೆನ್ನೇದು” ಅಂದರು. ನಮ್ಮೆಲ್ಲರ ಹೆಜ್ಜೆ ತಾನಾಗಿ ಚುರುಕಾಯಿತು. ಮರಗಳ ಸಂದಿಯಲ್ಲಿ ದೂರಕ್ಕೆ ಕಾವೇರಿ ಬೆಳ್ಳಗೆ ಹೊಳೆದಾಗ ಮಗಳು, “ಅಪ್ಪಾ, ಅಲ್ನೋಡಿ!” ಎಂದು ಕೂಗಿದಳು. ನೋಡುವ ಆಸೆ ನನಗೂ ಇತ್ತು. ಆದರೆ ತಲೆ ಮೇಲೆ ಹಾಟ್‌ಬಾಕ್ಸು ಇರುವವನು ಬಲಕ್ಕೆ ತಿರುಗಬೇಕಾದರೆ ಇಡೀ ಮನುಷ್ಯನೇ ತಿರುಗಬೇಕು. ನಾನು ತಿರುಗುವಷ್ಟರಲ್ಲಿ ಮರ ಅಡ್ಡ ಬಂದಿತ್ತು.

ಅಳಿಯ ಸಾರಿನ ಕ್ಯಾನು ಹಿಡಿದಿದ್ದ. “ಹಾಟ್‌ಬಾಕ್ಸು ಕೊಡಿ ಮಾವ, ಸ್ವಲ್ಪ ದೂರ ನಾನು ಹೊರ್ತೀನಿ” ಎಂದ. ಬೇಡವೆಂದೆ. ಮುಂದೆ ಬೀಗರು “ಏಕ್, ದೋ, ಏಕ್, ದೋ” ಎಂದು ಬಾಯಲ್ಲೇ ಎಣಿಸುತ್ತ ಮೇಕೆಯ ಹಾಗೆ ಹತ್ತುತ್ತಿದ್ದರು. ಅವರ ಎದುರಿಗೆ ಹೊರೆ ಇಳಿಸುವುದೆಂದರೆ!

ಅಷ್ಟರಲ್ಲಿ ಶೂ ತನ್ನ ಕೆಲಸ ಆರಂಭಿಸಿತ್ತು. ಸಡಿಲಾದದ್ದು ನನ್ನ ಕಿರುಬೆರಳಿನ ಚರ್ಮ. ಒಂದು ಕಲ್ಲಿನ ಮೇಲೆ ಕೂತು ಎರಡನ್ನೂ ಕಿತ್ತು ಜಯಮ್ಮನ ಕೈಗೆ ಕೊಟ್ಟೆ.

“ಬರಿಗಾಲಲ್ಲಿ ಬತ್ತೀರಾ?”

“ಹುಟ್ದಾಗ ಶೂ ಹಾಕ್ಕೊಂಡು ಹುಟ್ಟಿದ್ನಾ?”

ಬರಿಗಾಲು ನೆಲ ಮುಟ್ಟಿದ್ದೇ ತಡ, ನನಗೆ ಜೀವ ಬಂತು. ಸರಸರ ನಡೆದು ಮಗಳನ್ನು ದಾಟಿದೆ, ಅಳಿಯನನ್ನು ದಾಟಿದೆ, ಬೀಗರನ್ನೂ ದಾಟಿದೆ! ಆ ಸುಖವನ್ನು ಹೇಗೆ ಹೇಳಲಿ. ಎದುರಿಗೆ ಒಂದು ದೊಡ್ಡ ಬೋಳು ಬಂಡೆ. ಅದರಾಚೆ ಬೆಟ್ಟದ ತುದಿ ಕಾಣುತ್ತಿತ್ತು. ಮಾದೇವಿ ಹಿಂದಿನಿಂದ, “ಯಜಮಾನ್ರೇ, ಬಂಡೆ ಮೇಲೆ ಬ್ಯಾಡಿ! ಒತ್ತಾಗೈತೆ, ಕಾದಿರ್ತದೆ. ಬುಡದಲ್ಲೇ ನೆರಳಲ್ಲಿ ಸುತ್ತಾಕ್ಕೊಂಡು ಬನ್ನಿ” ಅಂದರು.

ಕುದಿಯುವ ಪಾಕದ ಮುಂದೆ ನಿಂತು ಬದುಕಿದವನಿಗೆ ಬಂಡೆಯ ಬಿಸಿ ಒಂದು ಲೆಕ್ಕವೇ? “ನೀವು ಸುತ್ತಾಕ್ಕೊಂಡು ಬನ್ನಿ. ನಾನು ಮೇಲೆ ಎಲೆ ಹಾಸಿರ್ತೀನಿ” ಎಂದು ನೇರವಾಗಿ ಹತ್ತಿದೆ.

ಮೊದಲ ಕೆಲವು ಹೆಜ್ಜೆ ಏನೂ ಅನ್ನಿಸಲಿಲ್ಲ, ಅಲ್ಲಿ ಮರದ ನೆರಳಿತ್ತು. ನೆರಳು ಮುಗಿದ ಮೇಲೆ ಬಂಡೆ ಹೆಂಚಾಗಿತ್ತು. ದೋಸೆ ಹುಯ್ಯುವ ಮುಂಚೆ ನೀರು ಚಿಮುಕಿಸಿದರೆ ಚುಂಯ್ ಅನ್ನುವಂಥ ಹೆಂಚು. ಬಲಗಾಲು ಎತ್ತಿದೆ, ಎಡಗಾಲು ಸುಟ್ಟಿತು. ಎಡಗಾಲು ಎತ್ತಿದೆ, ಬಲಗಾಲು ಸುಟ್ಟಿತು. ಎರಡನ್ನೂ ಒಟ್ಟಿಗೆ ಎತ್ತುವ ವಿದ್ಯೆ ನನಗೆ ಬರುವುದಿಲ್ಲವಾದರೂ ಪ್ರಯತ್ನಿಸಿದೆ.

“ಜಯಾ! ಶೂ ಎಸಿ! ಶೂ ಎಸಿ!”

ಅವಳು ಕೆಳಗಿನಿಂದ ಎಸೆದಳು. ಒಂದು ನನ್ನವರೆಗೆ ಬರಲಿಲ್ಲ. ಇನ್ನೊಂದು ಬಂತು. ನೇರ ಹಾಟ್‌ಬಾಕ್ಸಿಗೆ ಬಡಿಯಿತು.

ಮುಚ್ಚಳ ಹಾರಿತು. ಅದರಡಿ ಟವೆಲ್ಲು ಸುತ್ತಿ ಮಾಡಿದ್ದ ಸಿಂಬಿ ಜಾರಿತು. ಗಟ್ಟಿಯಾಗಿ ಕಟ್ಟಿದ್ದ, ಎಣ್ಣೆ ಸವರಿ ನುಣ್ಣಗೆ ಮಾಡಿದ್ದ ಮುದ್ದೆಗಳು ಒಂದರ ಹಿಂದೆ ಒಂದು, ಶಾಲೆಯ ಬೆಲ್ಲು ಹೊಡೆದಾಗ ಮಕ್ಕಳು ಓಡುವಂತೆ, ಬಂಡೆಯ ಮೇಲೆ ಉರುಳುತ್ತ ಹೊರಟವು. ಮೆತ್ತಗಿದ್ದಿದ್ದರೆ ಅಲ್ಲೇ ಅಂಟಿಕೊಳ್ಳುತ್ತಿದ್ದವು. ಎರಡು ಬೊಗಸೆ ಹಿಟ್ಟು ಜಾಸ್ತಿ ಹಾಕಿಸಿದ ಪುಣ್ಯಾತ್ಮ ನಾನೇ ತಾನೆ! ಕೆಲವು ಎಡಕ್ಕೆ ಪೊದೆಗೆ ಹೋದವು, ಕೆಲವು ಬಲಕ್ಕೆ ಕಣಿವೆಯ ಕಡೆ. ಒಂದು ಮಾತ್ರ ಕಲ್ಲಿಗೆ ತಗುಲಿ, ಪುಟಿದು, ಗಾಳಿಯಲ್ಲಿ ಎದ್ದು, ನೇರವಾಗಿ ಕೆಳಗೆ ನಿಂತಿದ್ದ ಬೀಗರ ಮುಖದ ಕಡೆ ಹೊರಟಿತು.

ಎರಡು ವರ್ಷದ ಹಿಂದೆ ಸಾರಿಲ್ಲ. ಈಗ ಮುದ್ದೆಯಿಂದ ಹೊಡೆತ. ನಾನು ಕಣ್ಣು ಮುಚ್ಚಿಕೊಂಡೆ.

‘ಟಪ್’ ಎಂದಿತು.

ಕಣ್ಣು ಬಿಟ್ಟೆ. ಬೀಗರು ಕೋಲು ಕೆಳಗೆ ಹಾಕಿ, ಮಂಡಿ ಬಗ್ಗಿಸಿ, ಎರಡು ಕೈಯಲ್ಲಿ ಮುದ್ದೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಆಮೇಲೆ ಬೀಗರು ಮುದ್ದೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, “ಔಟ್!” ಅಂದರು.

ಔಟಾದವನು ನಾನು. ಅಳಿಯ, ಮಗಳು ಹೊಟ್ಟೆ ಹಿಡಿದು ಕೂತುಬಿಟ್ಟರು. ಶಬ್ದ ಮಾಡಬಾರದೆಂದು ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದ ಮಾದೇವಿ, ತಾವೇ ಸೆರಗು ಬಾಯಿಗೆ ತುರುಕಿಕೊಂಡು ಮರಕ್ಕೆ ಒರಗಿದ್ದರು.

ಬೆಟ್ಟದ ತುದಿಯಲ್ಲಿ ಆಲದ ನೆರಳು, ತಂಪು ಗಾಳಿ, ಕೆಳಗೆ ಕಣ್ಣು ಹಾಯುವಷ್ಟೂ ಕಾಡು. ಹಾಲಿನ ಕ್ಯಾನಿನ ಮುಚ್ಚಳ ತೆಗೆದಾಗ ನಾಟಿಕೋಳಿ ಸಾರಿನ ವಾಸನೆ ಬೆಟ್ಟಕ್ಕೆಲ್ಲ ಹರಡಿತು. ಸಾರು ತುಂಬ ಇತ್ತು. ಮುದ್ದೆ ಒಂದು ಇತ್ತು.

ನಾನು ತಲೆ ಬಗ್ಗಿಸಿ ಕೂತಿದ್ದೆ. ಬೀಗರು ಮುದ್ದೆಯನ್ನು ಎಲೆಯ ಮೇಲಿಟ್ಟು ಬಹಳ ಹೊತ್ತು ನೋಡಿದರು.

“ಬೀಗರೇ” ಅಂದರು.

“ಹೇಳಿ ಬೀಗರೇ.”

“ಅವತ್ತು ನಿಮ್ಮೂರಲ್ಲಿ ಮುದ್ದೆ ಇತ್ತು, ಸಾರಿರಲಿಲ್ಲ. ಇವತ್ತು ಸಾರಿದೆ, ಮುದ್ದೆ ಇಲ್ಲ. ಇನ್ನೊಂದು ಸಲ ಕರೀರಿ. ಎರಡೂ ಒಟ್ಟಿಗೆ ಸಿಕ್ಕರೂ ಸಿಗಬಹುದು.”

ಎರಡು ವರ್ಷ ಅವರು ಆಡದೇ ಇದ್ದ ಮಾತು ಕೊನೆಗೂ ಬಂತು! ನನ್ನ ಗಂಟಲಲ್ಲಿ ಕೂತಿದ್ದದ್ದು ಇಳಿದು ಹೋಯಿತು. ಬೀಗರು ಆ ಮುದ್ದೆಯನ್ನು ಮುರಿದು ಎಲ್ಲರಿಗೂ ಒಂದೊಂದು ತುತ್ತು ಹಂಚಿದರು, ಮಾದೇವಿಯವರಿಗೂ ಸೇರಿಸಿ. ರೆಸಾರ್ಟಿನ ಚಪಾತಿಯ ಸುರುಳಿ ಬಿಚ್ಚಿ ಉಳಿದ ಸಾರಿನಲ್ಲಿ ಅದ್ದಿಕೊಂಡು ತಿಂದೆವು. ನಿಜ ಹೇಳುತ್ತೇನೆ, ಚೆನ್ನಾಗೇ ಇತ್ತು. ಹುಂಜ ಮಾತ್ರ ಇನ್ನೂ ಪೂರ್ತಿ ಬೆಂದಿರಲಿಲ್ಲ.

ಊಟವಾದ ಮೇಲೆ ಎಲ್ಲರೂ ಕಾವೇರಿ ನೋಡುತ್ತ ಕೂತರು. ನಾನು ಏಳಬೇಕಾಯಿತು, ಏಕೆಂದರೆ ಮಾದೇವಿ ಹೇಳಿದ ಕಾನೂನು ಹಾಗೇ ಇತ್ತು: ಹೊಟ್ಟೆಯಲ್ಲಿ ಬರದದ್ದು ಕೈಯಲ್ಲಿ ಬರಬೇಕು. ಕಾಲಿಗೆ ಟವೆಲ್ಲಿನ ಚೂರು ಸುತ್ತಿಕೊಂಡು, ಬಂಡೆಯ ಬುಡಕ್ಕೆ ಇಳಿದು, ಪೊದೆ ಪೊದೆಗೆ ಕೈ ಹಾಕಿ ಒಂದೊಂದಾಗಿ ಮುದ್ದೆ ಆರಿಸಿ ಹಾಟ್‌ಬಾಕ್ಸಿಗೆ ತುಂಬಿದೆ. ಹೊತ್ತು ಹತ್ತಿದ್ದನ್ನು ಹೊತ್ತೇ ಇಳಿದೆ. ಆ ಮುದ್ದೆ ನಮ್ಮ ಎಮ್ಮೆಯ ಪಾಲಾಯಿತು. ಅದು ಕೂಡ ಮೊದಲು ಮೂಸಿ ನೋಡಿ, ನನ್ನ ಮುಖ ನೋಡಿ, ಆಮೇಲೆ ತಿಂದಿತು.

ಗುಡ್ಡದ ಮೇಲೆ ಅಳಿಯ ತೆಗೆದ ಫೋಟೋ ಈಗ ಎಲ್ಲ ನೆಂಟರ ಮೊಬೈಲಿನಲ್ಲಿದೆ. ಬೀಗರು, ಜಯಮ್ಮ, ಮಗಳು ನಗುತ್ತ ಸಾಲಾಗಿ ನಿಂತಿದ್ದಾರೆ. ಹಿಂದೆ, ಕೆಳಗಿನ ಪೊದೆಯಲ್ಲಿ ಕಾಣುವ ಪಂಚೆ ನನ್ನದು.

ಮೊನ್ನೆ ಬೀಗರನ್ನು ಮನೆಗೇ ಊಟಕ್ಕೆ ಕರೆದೆ. ಈ ಸಲ ಮುದ್ದೆಯೂ ಇರುತ್ತದೆ, ಸಾರೂ ಇರುತ್ತದೆ, ಬೆಟ್ಟ ಇರುವುದಿಲ್ಲ ಎಂದು ಮಾತು ಕೊಟ್ಟೆ. ಅವರು, “ಬೀಗರೇ, ನಿಮ್ಮನೆ ನೆಲ ಸಮವಾಗಿದೆ ತಾನೆ?” ಎಂದು ಕೇಳಿದರು.

“ಇದೇನು ಹಿಂಗಂತೀರಿ, ನಾನೇ ಮುಂದೆ ನಿಂತು ಹಾಕ್ಸಿದ ನೆಲ” ಎಂದು ಗತ್ತಿನಿಂದಲೇ ಹೇಳಿ ಫೋನಿಟ್ಟೆ.

ಆದರೂ ಅನುಮಾನಕ್ಕೆ ಅಡುಗೆಮನೆಯಿಂದ ಒಂದು ಮುದ್ದೆ ತಂದು ನಡುಮನೆಯಲ್ಲಿ ಇಟ್ಟು ನೋಡಿದೆ.

ಅದು ಮೆಲ್ಲಗೆ ಬಾಗಿಲ ಕಡೆ ಹೊರಟಿತು.