ಚೆಂಡೆ ಬಡಿದರೆ ಕಾಲೇಜು ಸೀಟು

ದುಬೈಯ ಶಾಲೆಯೊಂದರಲ್ಲಿ ಮಕ್ಕಳಿಗೆ ಮುಂದಿನ ಓದಿನ ದಾರಿ ಹೇಳುವ ಕೌನ್ಸೆಲರ್ ನಾನು. ಮಗು ಹೈಸ್ಕೂಲು ಮೆಟ್ಟಿಲು ಹತ್ತಿದರೆ ಸಾಕು, ಯಾವ ಆಟಪಾಟಕ್ಕೆ ವಿದೇಶದ ಕಾಲೇಜು ಮರುಳಾಗುತ್ತದೆ ಎಂದು ಕೇಳಿಕೊಂಡು ಅಪ್ಪ ಅಮ್ಮ ಬಂದುಬಿಡುತ್ತಾರೆ. ಅವರೆದುರು ನಗು ತಡೆದೂ ತಡೆದೂ ನನಗೆ ದವಡೆ ನೋವೇ ಶುರುವಾಗಿದೆ.

ಯಾರೂ ಮುಟ್ಟದ ವಾದ್ಯ

ಅಲ್ ಮುರಕ್ಕಬಾತಿನಲ್ಲಿ ಮನೆ ಮಾಡಿಕೊಂಡಿದ್ದ ಉಡುಪಿ ಕಡೆಯ ತಂದೆಯೊಬ್ಬರು ಮಗಳನ್ನು ಕರೆತಂದರು.

“ಪಿಯಾನೋ, ಗಿಟಾರ್ ಎಲ್ಲರ ಮಕ್ಕಳಿಗೂ ಬರ್ತದೆ ಮೇಡಂ. ಯಾರೂ ಮುಟ್ಟದ್ದು ಎಂತ ಉಂಟು?”

“ಚೆಂಡೆ ಉಂಟಲ್ಲ,” ಎಂದೆ ತಮಾಷೆಗೆ.

ಊರಿನಿಂದ ಬಂದ ನೆಂಟರ ಲಗೇಜಿನಲ್ಲಿ ಚೆಂಡೆ ಬಂದೇಬಿಟ್ಟಿತು. ಆನ್‌ಲೈನಿನಲ್ಲಿ ಗುರುಗಳೂ ಸಿಕ್ಕರು. ಸ್ವಲ್ಪ ಕಾಲದಲ್ಲೇ ತಂದೆ ಮತ್ತೆ ಹಾಜರು.

“ಪಕ್ಕದ ಫ್ಲ್ಯಾಟಿನವರು ಖಾಲಿ ಮಾಡಿದ್ರು. ಮೇಲಿನವರೂ ಬೇರೆ ಮನೆ ನೋಡ್ತಿದ್ದಾರೆ. ವಾಚ್‌ಮನ್ ದಿನಾ ಬಾಗಿಲು ಬಡಿದು ‘ಖಲಾಸ್, ಖಲಾಸ್’, ಸಾಕು ನಿಲ್ಲಿಸಿ ಅಂತಾನೆ.”

ಸಮಾಧಾನ ಹೇಳಲು ಬಾಯಿ ತೆರೆದೆ. ಅವರು ಕುರ್ಚಿ ಮುಂದಕ್ಕೆಳೆದುಕೊಂಡರು: “ಇದನ್ನು ಕಾಲೇಜಿನ ಅರ್ಜಿಯಲ್ಲಿ ‘ಸಮುದಾಯದ ಮೇಲೆ ಬೀರಿದ ಪರಿಣಾಮ’ ಅಂತ ಹಾಕಬಹುದಾ?”

ಕಸವಿಲ್ಲದ ಕಡಲತೀರ

ತಾಯಿಯೊಬ್ಬರು ಮಗಳಿಂದ ಸಮುದ್ರತೀರ ಸ್ವಚ್ಛ ಮಾಡಿಸಲು ಹೊರಟು, ಸಾಕ್ಷಿಗೆ ನನ್ನನ್ನೂ ಕರೆದರು. ಹೋಗಿ ನೋಡಿದರೆ ಪಾಲಿಕೆಯವರು ನಮಗಿಂತ ಮೊದಲೇ ಗುಡಿಸಿಟ್ಟಿದ್ದಾರೆ. ಮರಳಿನ ಮೇಲೆ ಒಂದು ಐಸ್‌ಕ್ರೀಂ ಕಡ್ಡಿಯೂ ಇಲ್ಲ.

ತಾಯಿ ಎದೆಗುಂದಲಿಲ್ಲ. ಕಾರಿನ ಡಿಕ್ಕಿಯಿಂದ ಚೀಲ ತಂದು ಚಿಪ್ಸ್ ಪ್ಯಾಕೆಟ್ಟು, ಜ್ಯೂಸ್ ಡಬ್ಬಿ ಚೆಲ್ಲತೊಡಗಿದರು. “ಇಲ್ಲಿನವರನ್ನು ನಂಬ್ಲಿಕ್ಕಾಗುದಿಲ್ಲ ಅಂತ ಮನೆಯಿಂದಲೇ ತಂದೆ.”

ಇಲ್ಲಿ ಕಸ ಹಾಕಬಾರದು, ಬೇಗ ಎತ್ತಿ ಎಂದು ಅರಬ್ಬಿ ಬೆರೆತ ಹಿಂದಿಯಲ್ಲಿ ಕೂಗುತ್ತ ಕಾವಲುಗಾರ ಓಡಿಬಂದ. “ಮೇಡಂ! ಇದರ್ ಕಚರಾ ಮಾಫಿ! ಉಠಾವ್, ಯಲ್ಲಾ!”

ಹುಡುಗಿ ನಾಚಿ ತಲೆ ತಗ್ಗಿಸಿ, “ಮಮ್ಮಿ, ದಿಸ್ ಈಸ್ ಸೋ ಎಂಬರಾಸಿಂಗ್,” ಎನ್ನುತ್ತ ಒಂದೊಂದನ್ನೇ ಹೆಕ್ಕತೊಡಗಿದಳು. ತಾಯಿ ನನ್ನ ಕೈಗೆ ಫೋನು ತುರುಕಿದರು. “ಬೇಗ ಫೋಟೋ ಹೊಡೀರಿ ಮೇಡಂ, ಮುಖದಲ್ಲಿ ಈಗ ನಿಜವಾದ ಕಳಕಳಿ ಬಂದಿದೆ!”

ಅಧ್ಯಕ್ಷರ ಸಂಘ

ನಮ್ಮ ಶಾಲೆಯಲ್ಲಿ ಕ್ಲಬ್ಬುಗಳಿಗೆ ಬರವಿಲ್ಲ. ಪ್ರತಿಯೊಂದಕ್ಕೂ ಅಧ್ಯಕ್ಷರಿದ್ದಾರೆ.

“ಸದಸ್ಯರೆಲ್ಲಿ?” ಎಂದು ಒಬ್ಬನನ್ನು ಕೇಳಿದೆ.

“ಮೆಂಬರ್ ಆಗಿದ್ದೆ ಅಂದ್ರೆ ಕಾಲೇಜಿನವರು ಕೇರ್ ಮಾಡಲ್ಲ ಮಿಸ್.”

ಅಧ್ಯಕ್ಷರೆಲ್ಲ ಸೇರಿ ಒಂದೇ ಸಂಘ ಮಾಡಿಕೊಳ್ಳಿ ಎಂದೆ. ಮಾಡಿದರು. ಮೊದಲ ಸಭೆಯಲ್ಲೇ ಸಂಘ ಒಡೆಯಿತು. ಅದಕ್ಕೆ ಅಧ್ಯಕ್ಷರು ಯಾರು ಎಂಬುದೇ ಜಗಳ.

ಹಿರಿಯರ ಸೇವೆ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹೋಟೆಲೊಂದಕ್ಕೆ ವಿದೇಶದ ಕಾಲೇಜಿನ ಪ್ರತಿನಿಧಿ ಬಂದಿದ್ದರು. ನನ್ನ ವಿದ್ಯಾರ್ಥಿನಿಯೊಬ್ಬಳ ವಿಶೇಷ ‘ಹಿರಿಯರ ಸೇವೆ’. ಸಂದರ್ಶನಕ್ಕೆ ಅವಳ ತಾಯಿ ಪುರಾವೆಯನ್ನೂ ಜೊತೆಗೆ ತಂದಿದ್ದರು: ವಿಸಿಟ್ ವಿಸಾದಲ್ಲಿ ಕುಂದಾಪುರದಿಂದ ಬಂದಿದ್ದ ಅಜ್ಜಿ.

ಅಜ್ಜಿಗೆ ಇಂಗ್ಲಿಷ್ ಬಾರದು, ನಾನೇ ದುಭಾಷಿ. “ಮೊಮ್ಮಗಳು ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಾಳೆ?” ಎಂದು ಪ್ರತಿನಿಧಿ ಕೇಳಿದರು.

“ನನ್ನನ್ನಾ? ಅವಳಿಗೆಲ್ಲಿ ಪುರುಸೊತ್ತು?” ಎಂದರು ಅಜ್ಜಿ. “ಅವಳ ತಲೆಗೆ ಎಣ್ಣೆ ಹಾಕುದು, ಊಟ ತಿನ್ನಿಸುದು ಎಲ್ಲ ನಾನೇ. ಅವಳು ಶಾಲೆ ಬಿಟ್ಟು ಬಂದವಳೇ ಹಿರಿಯರ ಸೇವೆಯ ಕ್ಲಾಸಿಗೆ ಓಡ್ತಾಳೆ.”

ತಾಯಿ ಕಣ್ಣಲ್ಲೇ ನನಗೆ ಕೈಮುಗಿದರು. ಸುಳ್ಳು ಹೇಳಲು ನನಗೆ ಮನಸ್ಸಿಲ್ಲ. “ಹುಡುಗಿ ಸದಾ ಹಿರಿಯರ ಸೇವೆಯಲ್ಲೇ ಮುಳುಗಿರುತ್ತಾಳಂತೆ,” ಎಂದೆ.

ಪ್ರತಿನಿಧಿ ಸಂತೋಷಪಟ್ಟು, “ಅಜ್ಜಿಗೆ ಬೇರೇನಾದರೂ ಹೇಳುವುದಿದೆಯೇ?” ಎಂದರು.

“ಬೇಗ ಸೀಟು ಕೊಟ್ಟುಬಿಡ್ಲಿ ಮಾರಾಯ್ತಿ. ನನ್ನ ವಿಸಾ ಮುಗಿಯುದ್ರೊಳಗೆ ಮಗು ಒಮ್ಮೆಯಾದ್ರೂ ನನ್ನ ಹತ್ರ ಕೂತುಕೊಳ್ಳಲಿ.”

ಇದನ್ನು ಒಂದಕ್ಷರ ಬಿಡದೆ ಹೇಳಿದೆ. ಹುಡುಗಿ ಫೈಲು ಮುಚ್ಚಿ, ಎದ್ದು ಬಂದು ಅಜ್ಜಿಯ ಕೈ ಹಿಡಿದುಕೊಂಡಳು. ಪ್ರತಿನಿಧಿ ನಕ್ಕರು. “ಇವತ್ತು ಸಂದರ್ಶನ ಬೇಡ. ಅಜ್ಜಿ ಜೊತೆ ತಿರುಗಾಡಿ, ನಾಳೆ ಒಬ್ಬಳೇ ಬಾ. ಸಮುದ್ರ ಇಲ್ಲೇ ಹತ್ತಿರ ಇದೆ.”

ಅಜ್ಜಿ, ಮೊಮ್ಮಗಳು ಕೈಕೈ ಹಿಡಿದು ಹೊರಟರು. ನನಗೂ ಕಣ್ಣು ತೇವವಾಯಿತು. ಅಷ್ಟರಲ್ಲಿ ತಾಯಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

“ಮೇಡಂ, ಈ ತಿರುಗಾಟಕ್ಕೆ ಸರ್ಟಿಫಿಕೇಟ್ ಯಾರು ಕೊಡ್ತಾರೆ?”